ಕಾರ್ತಿಕದ ಎಂಟು ದಿನಗಳು

ಖಾನಾಪುರ ತಾಲೂಕಿನ ಹಲಸಿಗೆ ಹೋದವರು ಗೋವೆಯ ಕದಂಬರ ಕಾಲದ ಭೂವರಾಹ ನರಸಿಂಹ ದೇವಾಲಯವನ್ನು ಕಂಡು ಹಿಂದಿರುಗುವುದು ವಾಡಿಕೆ. ಅದಕ್ಕೂ ಆರು ಶತಮಾನಗಳಷ್ಟು ಹಿಂದೆ ಈ ಊರು ಪಲಾಶಿಕಾ ಎಂಬ ಹೆಸರಿನಿಂದ ಬನವಾಸಿ ಕದಂಬರ ಮುಖ್ಯ ನೆಲೆಯಾಗಿತ್ತು. ಇಲ್ಲಿ ದೊರೆತ ತಾಮ್ರಶಾಸನಗಳನ್ನು ಫ್ಲೀಟ್ ಅವರು 1877ರಲ್ಲಿ ಪ್ರಕಟಿಸಿದರು. ಅವುಗಳಲ್ಲೊಂದರಲ್ಲಿ ಒಂದು ಹಬ್ಬದ ಕಟ್ಟಳೆಯಿದೆ.

ಮೃಗೇಶವರ್ಮನು ತಂದೆಯ ಮೇಲಣ ಭಕ್ತಿಯಿಂದ ಪಲಾಶಿಕೆಯಲ್ಲಿ ಜಿನಾಲಯವನ್ನು ಕಟ್ಟಿಸಿ, ಯಾಪನೀಯ, ನಿರ್ಗ್ರಂಥ, ಕೂರ್ಚಕರಿಗೆ 33 ನಿವರ್ತನ ಭೂಮಿಯನ್ನು ದಾನವಿತ್ತನು. ಅವನ ಮಗ ರವಿವರ್ಮನ ಕಟ್ಟಳೆ ಇನ್ನೂ ವಿವರವಾದುದು: ಪುರುಖೇಟಕ ಗ್ರಾಮದ ಹುಟ್ಟುವಳಿಯಿಂದ ಪ್ರತಿವರ್ಷವೂ ಕಾರ್ತಿಕ ಪೌರ್ಣಮಿಯಂದು ಜಿನೇಂದ್ರನ ಎಂಟು ದಿನಗಳ ಉತ್ಸವ ನಡೆಯತಕ್ಕದ್ದು, ಮಳೆಗಾಲದ ನಾಲ್ಕು ತಿಂಗಳು ಯತಿಗಳಿಗೆ ಆಹಾರ ಸಲ್ಲತಕ್ಕದ್ದು, ನಾಡಿನವರೂ ನಗರದವರೂ ಪೂಜೆಯನ್ನು ಎಡೆಬಿಡದೆ ನಡೆಸತಕ್ಕದ್ದು.

ಸರಿಸುಮಾರು ಇದೇ ಕಾಲದಲ್ಲಿ, ದೂರದ ಗಾಲ್ ನಾಡಿನಲ್ಲಿ, ಫ್ರಾಂಕರ ದೊರೆ ಕ್ಲೋವಿಸ್ ಕ್ರೈಸ್ತ ಮತವನ್ನು ಸ್ವೀಕರಿಸಿದನು. ಅಲ್ಲಿನ ತೂರ್ ನಗರದ ಬಿಷಪ್ ಪರ್ಪೆಟುವಸ್ ಸಂತ ಮಾರ್ಟಿನನ ಸಮಾಧಿಯ ಮೇಲೆ ದೊಡ್ಡ ಇಗರ್ಜಿಯನ್ನು ಕಟ್ಟಿಸಿ, ವರ್ಷದ ಉಪವಾಸ, ಜಾಗರಣೆಗಳ ದಿನಗಳನ್ನು ಗೊತ್ತುಪಡಿಸಿದ್ದನು. ಮಾರ್ಟಿನನ ಹಬ್ಬ ನವೆಂಬರ್ 11ರಂದು. ನಮ್ಮ ಕಾರ್ತಿಕದ ಆಸುಪಾಸು. ಚಳಿಯಲ್ಲಿ ನಡುಗುತ್ತಿದ್ದ ಭಿಕ್ಷುಕನಿಗೆ ತನ್ನ ಮೇಲಂಗಿಯನ್ನು ಕತ್ತಿಯಿಂದ ಸೀಳಿ ಅರ್ಧ ಕೊಟ್ಟನೆಂಬ ಐತಿಹ್ಯ ಆ ಸಂತನನ್ನು ಮನೆಮನೆಗೆ ಒಯ್ದಿತು. ಆ ಅಂಗಿಯ ಲ್ಯಾಟಿನ್ ಹೆಸರೇ ‘ಚಾಪೆಲ್’ ಎಂಬ ಪದಕ್ಕೆ ಮೂಲ.

ಹಲಸಿಯ ಶಾಸನದಲ್ಲಿ ಇಂಥ ಪವಾಡವಿಲ್ಲ. ಅಲ್ಲಿರುವುದು ಊರು, ಹುಟ್ಟುವಳಿ, ಅನ್ನ, ತಿಥಿ. ದಾನ ಕೊಟ್ಟ ಅರಸು ಮನೆತನ ಅಳಿಯಿತು; ಪಲಾಶಿಕೆ ಹಳ್ಳಿಯಾಯಿತು; ಪುರುಖೇಟಕದ ಹುಟ್ಟುವಳಿ ಯಾವ ಯತಿಗೂ ಸಲ್ಲುತ್ತಿಲ್ಲ. ಆದರೆ ಕಾರ್ತಿಕ ಶುದ್ಧ ಅಷ್ಟಮಿಯಿಂದ ಪೌರ್ಣಮಿಯವರೆಗಿನ ಅಷ್ಟಾಹ್ನಿಕ ಪರ್ವವನ್ನು ಜೈನರು ಇಂದಿಗೂ ಆಚರಿಸುತ್ತಾರೆ. ರವಿವರ್ಮನು ಗ್ರಾಮದ ಮೇಲೆ ಹೊರಿಸಿದ ಹೊಣೆ ಮುಗಿಯಿತು; ಜನರ ಮೇಲೆ ಹೊರಿಸಿದ ಹೊಣೆ ಉಳಿಯಿತು.

ಬೆಳಗಾವಿಯ ಕೋಟೆಯೊಳಗೆ, 1204ರಲ್ಲಿ ರಟ್ಟರ ಕಾಲದಲ್ಲಿ ಕಟ್ಟಿದ ಕಮಲ ಬಸದಿಯಿದೆ. ಅದೇ ನಗರದ ಕೆಥೊಲಿಕರ ಪಂಚಾಂಗದಲ್ಲಿ ನವೆಂಬರ್ 11 ಇಂದಿಗೂ ಮಾರ್ಟಿನನ ದಿನ. ಒಂದೂವರೆ ಸಾವಿರ ವರ್ಷಗಳ ಹಿಂದೆ ಪರಸ್ಪರ ಹೆಸರನ್ನೂ ಕೇಳಿರದ ಎರಡು ನಾಡುಗಳ ಹಬ್ಬಗಳು ಇಲ್ಲಿ ನೆರೆಹೊರೆಯಾಗಿವೆ. ಮುಂದೆ ಹಲಸಿಗೆ ಹೋಗುವವರು, ಆ ತಾಮ್ರದ ಹಲಗೆಗಳಲ್ಲಿ ಹೆಸರಿಲ್ಲದೆ ನಿಂತಿರುವ ನಾಡಿನವರನ್ನೂ ನಗರದವರನ್ನೂ ಒಮ್ಮೆ ನೆನೆಯಬೇಕು.