ಕಡತದಲ್ಲಿ ಹೆಸರಿದ್ದವನು ಬೆಂಕಿ ನಂದಿಸಬಹುದೆ?



ಶ್ರವಣಬೆಳಗೊಳಕ್ಕೆ ಶಾಲಾ ಪ್ರವಾಸ ಹೋದವರು ನಿಮ್ಮಲ್ಲಿ ಅನೇಕರಿರಬಹುದು. ದೊಡ್ಡಬೆಟ್ಟ ಹತ್ತಿ ಗೊಮ್ಮಟನನ್ನು ನೋಡಿ, ಸಮಯ ಉಳಿದರೆ ಚಿಕ್ಕಬೆಟ್ಟಕ್ಕೂ ಹೋಗಿ, ಬಸ್ಸು ಹತ್ತಿಬಿಡುತ್ತೇವೆ. ಚಿಕ್ಕಬೆಟ್ಟದ ಉತ್ತರಕ್ಕೆ ಸ್ವಲ್ಪವೇ ದೂರದಲ್ಲಿರುವ ಜಿನನಾಥಪುರಕ್ಕೆ ಹೋಗುವವರು ಕಡಿಮೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ನೆಲೆಗೊಳಿಸಿದ ಊರು ಅದು. ಅಲ್ಲಿನ ಶಾಂತಿನಾಥ ಬಸದಿಯನ್ನು ಸುಮಾರು 1200ರಲ್ಲಿ ಕಟ್ಟಿಸಿದವನು ರೇಚಿಮಯ್ಯ. ಬೆಟ್ಟದ ಮೇಲಿನ ಬಸದಿಗಳ ಗೋಡೆಗಳು ಸರಳವಾಗಿದ್ದರೆ, ಈ ಬಸದಿಯ ಹೊರಗೋಡೆಯ ತುಂಬ ಶಿಲ್ಪಗಳಿವೆ.

ಈ ರೇಚಿಮಯ್ಯ ಮೊದಲು ಹೊಯ್ಸಳರ ಕಡೆಯವನಲ್ಲ. ಅವನು ಕಲಚುರಿಗಳ ದಂಡನಾಯಕನಾಗಿದ್ದವನು. ಆ ಮನೆತನ ಕುಸಿದ ಮೇಲೆ ಇಮ್ಮಡಿ ಬಲ್ಲಾಳನ ಆಶ್ರಯಕ್ಕೆ ಬಂದ. ಎದುರಾಳಿಯ ಪಾಳಯದಲ್ಲಿ ಇದ್ದುದು ಅಪರಾಧವಲ್ಲ, ನಿಜ. ಆದರೂ ಬಲ್ಲಾಳನು ‘ನೀನು ನಿನ್ನೆ ಎಲ್ಲಿದ್ದೆ?’ ಎಂಬ ಪ್ರಶ್ನೆಗೇ ನಿಂತುಬಿಟ್ಟಿದ್ದರೆ ಜಿನನಾಥಪುರಕ್ಕೆ ಆ ಬಸದಿ ಸಿಗುತ್ತಿರಲಿಲ್ಲ.

ಈ ಬಸದಿಗಿಂತಲೂ ಹಳೆಯದು ಕನ್ನಡದ ಗದ್ಯಕೃತಿ ವಡ್ಡಾರಾಧನೆ. ಬೆಳಗೊಳದ ನೆನಪಿನೊಡನೆ ಸೇರಿಹೋದ ಭದ್ರಬಾಹುವಿನ ಕಥೆ ಇರುವ ಆ ಗ್ರಂಥದಲ್ಲೇ ವಿದ್ಯುಚ್ಚೋರನ ಕಥೆಯೂ ಇದೆ. ಅವನು ರಾಜನ ಹಾರವನ್ನೇ ಕದ್ದವನು. ಅವನನ್ನು ಹಿಡಿದವನು ಯಮದಂಡನೆಂಬ ತಳಾರ, ಅಂದರೆ ಊರ ಕಾವಲಿನ ಅಧಿಕಾರಿ. ನಮ್ಮ ಹಳ್ಳಿಗಳ ‘ತಳವಾರ’ ಎಂಬ ಪದದ ಹಳೆಯ ರೂಪವಿದು. ಕಳ್ಳ ಕೊನೆಗೆ ಮುನಿಯಾಗುತ್ತಾನೆ. ಅವನ ಹೆಸರಿನಿಂದ ‘ಚೋರ’ ಎಂಬ ಪದವನ್ನು ಮಾತ್ರ ಯಾರೂ ಅಳಿಸಲಿಲ್ಲ. ಹಳೆಯ ತಪ್ಪನ್ನು ಮರೆಮಾಚದೆಯೇ ಅವನನ್ನು ಗೌರವಿಸಿದರು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ನಮ್ಮ ಪ್ರಶ್ನೆಗೆ ಬರೋಣ. ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲಿ ಹೊಡೆದಾಟದ ಕೇಸಿನಲ್ಲಿ ಸಿಕ್ಕಿ ಶಿಕ್ಷೆಯಾದ ಯುವಕನೊಬ್ಬ, ಕೆಲವು ವರ್ಷಗಳ ನಂತರ ಅಗ್ನಿಶಾಮಕ ದಳಕ್ಕೆ ಅರ್ಜಿ ಹಾಕುತ್ತಾನೆ ಎನ್ನಿ. ಅವನನ್ನು ತೆಗೆದುಕೊಳ್ಳಬಹುದೆ?

ಬೇಡ ಎನ್ನುವವರ ವಾದ ಹಗುರವಾದುದಲ್ಲ. ಅಗ್ನಿಶಾಮಕನ ಕೆಲಸವನ್ನೇ ನೋಡಿ. ಉರಿಯಲು ಇಂಧನ, ಆಮ್ಲಜನಕ, ಉಷ್ಣ ಮೂರೂ ಬೇಕು ಎಂದು ವಿಜ್ಞಾನದಲ್ಲಿ ಓದಿದ್ದೀರಿ. ಇವುಗಳಲ್ಲಿ ಒಂದನ್ನು ಬೇರ್ಪಡಿಸಿದರೆ ಬೆಂಕಿ ಆರುತ್ತದೆ. ಬೇರ್ಪಡಿಸಬೇಕಾದರೆ ಬಾಗಿಲು ಮುರಿಯಬೇಕು, ಛಾವಣಿ ಕೀಳಬೇಕು, ಸಾಮಾನು ಹೊರಗೆ ಹಾಕಬೇಕು. ಮನೆಯವರು ಬೀದಿಯಲ್ಲಿ ಅಳುತ್ತಿರುವಾಗ ಬೀರು, ತಿಜೋರಿ, ಮಲಗಿದ ಮಗು ಎಲ್ಲವೂ ಅವನ ಕೈಯಲ್ಲಿ. ಅಂಥ ಕೈಯ ಮೇಲೆ ಜನರಿಗೆ ನಂಬಿಕೆ ಇರಲೇಬೇಕು.

ನಮ್ಮ ದೂರದರ್ಶನದ ಕೆಲಸದವರಿಗೆ ಬೆಂಕಿ ಎಂದರೆ 1989ರ ಫೆಬ್ರುವರಿ 8 ನೆನಪಾಗುತ್ತದೆ. ಅಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯ ಚಿತ್ರೀಕರಣದ ವೇಳೆ ಬೆಂಕಿ ಬಿದ್ದು ಅರವತ್ತಕ್ಕೂ ಹೆಚ್ಚು ಜನ ಸತ್ತರು. ಅಂಥ ಕಡೆ ಒಳನುಗ್ಗುವವನಿಗೆ ಧೈರ್ಯ, ಶಿಸ್ತು, ಜೊತೆಗಾರನ ಮೇಲೆ ಭರವಸೆ ಇರಬೇಕು. ಈ ಗುಣಗಳು ಇವೆಯೋ ಇಲ್ಲವೋ ಎಂಬುದನ್ನು ಪೊಲೀಸ್ ಕಡತ ಹೇಳುತ್ತದೆಯೆ? ಇಲ್ಲಿ ಇತಿಹಾಸ ನಮ್ಮ ನೆರವಿಗೆ ಬರುತ್ತದೆ.

ಹುಟ್ಟಿನಿಂದಲೇ ದಾಖಲೆ

ಬ್ರಿಟಿಷ್ ಸರ್ಕಾರ 1871ರಲ್ಲಿ ‘ಅಪರಾಧಿ ಬುಡಕಟ್ಟುಗಳ ಕಾಯ್ದೆ’ ತಂದಿತು. 1911ರ ತಿದ್ದುಪಡಿಯಿಂದ ಅದರ ಹಿಡಿತ ಇನ್ನೂ ವಿಸ್ತಾರವಾಯಿತು. ಅಲೆದಾಡಿ ಬದುಕುತ್ತಿದ್ದ ಅನೇಕ ಸಮುದಾಯಗಳನ್ನು ಇಡಿಯಾಗಿ ಅಪರಾಧಿಗಳೆಂದು ಪಟ್ಟಿ ಮಾಡಲಾಯಿತು. ಕಳ್ಳತನ ಮಾಡಿದವನೂ ಮಾಡದವನೂ ಒಂದೇ. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ಇಂಥವರಿಗಾಗಿ ವಸಾಹತುಗಳು ಎದ್ದವು. ಹಾಜರಿ ಕೊಡಬೇಕು, ಅನುಮತಿ ಇಲ್ಲದೆ ಹೊರಗೆ ಹೋಗುವಂತಿಲ್ಲ. ಹುಬ್ಬಳ್ಳಿ ಮತ್ತು ಗದಗ-ಬೆಟಗೇರಿಯಲ್ಲಿ ‘ಸೆಟ್ಲ್‌ಮೆಂಟ್’ ಎಂಬ ಬಡಾವಣೆಯ ಹೆಸರು ಇಂದಿಗೂ ಬಳಕೆಯಲ್ಲಿದೆ. ಅಲ್ಲಿ ಇರಿಸಲಾಗಿದ್ದ ಸಮುದಾಯಗಳಲ್ಲಿ ಒಂದು ಗಂಟಿಚೋರ್. ವಿದ್ಯುಚ್ಚೋರನಿಗೆ ಆ ಪದ ಅವನ ಕೃತ್ಯದಿಂದ ಬಂತು. ಇವರ ಮಕ್ಕಳಿಗೆ ಅದು ಹುಟ್ಟಿನಿಂದಲೇ ಬಂತು.

1952ರ ಆಗಸ್ಟ್ 31ರಂದು ಆ ಕಾಯ್ದೆ ರದ್ದಾಯಿತು. ಪಟ್ಟಿ ಹೋಯಿತು, ಆದರೆ ಅನುಮಾನ ಅಷ್ಟು ಬೇಗ ಹೋಗಲಿಲ್ಲ. ಊರಲ್ಲಿ ಕಳವಾದರೆ ಮೊದಲು ಹುಡುಕುವುದು ಯಾರ ಕೇರಿಯನ್ನು ಎಂಬುದನ್ನು ನಿಮ್ಮ ಹಿರಿಯರನ್ನು ಕೇಳಿ ನೋಡಿ. ದಾಖಲೆ ಎನ್ನುವುದು ಯಾವಾಗಲೂ ಮನುಷ್ಯನ ಕೃತ್ಯದ ಕನ್ನಡಿಯಲ್ಲ. ಕೆಲವೊಮ್ಮೆ ಅದನ್ನು ಬರೆದವನ ಕಣ್ಣಿನ ಕನ್ನಡಿ.

ಕಾನೂನು ನಡೆದ ದಾರಿ

ಸ್ವತಂತ್ರ ಭಾರತದ ಕಾನೂನು ಬೇರೆ ದಾರಿ ಹಿಡಿಯಿತು. 1958ರ ಪರಿವೀಕ್ಷಣಾ ಕಾಯ್ದೆಯ ಪ್ರಕಾರ, ನ್ಯಾಯಾಲಯವು ಎಚ್ಚರಿಕೆ ಕೊಟ್ಟು ಅಥವಾ ಸನ್ನಡತೆಯ ಮುಚ್ಚಳಿಕೆಯ ಮೇಲೆ ಬಿಟ್ಟವನಿಗೆ ಆ ಶಿಕ್ಷೆಯಿಂದ ಅನರ್ಹತೆ ಅಂಟುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆಯು, ಘೋರ ಅಪರಾಧಕ್ಕಾಗಿ ವಯಸ್ಕರಂತೆ ವಿಚಾರಣೆಗೊಳಗಾದವರನ್ನು ಬಿಟ್ಟು, ಉಳಿದ ಮಕ್ಕಳಿಗೆ ಇದೇ ರಕ್ಷಣೆ ಕೊಡುತ್ತದೆ.

ನೇಮಕಾತಿಯ ವಿಷಯದಲ್ಲಿ ಸುಪ್ರೀಂ ಕೋರ್ಟಿನ ಮೂರು ತೀರ್ಪುಗಳನ್ನು ಒಟ್ಟಿಗೆ ಇಟ್ಟು ಓದಬೇಕು. 2011ರಲ್ಲಿ ದೆಹಲಿ ಪೊಲೀಸ್ ಹುದ್ದೆಯ ಅಭ್ಯರ್ಥಿಯೊಬ್ಬನ ಪ್ರಕರಣ ಬಂತು. ಇಪ್ಪತ್ತರ ಆಸುಪಾಸಿನಲ್ಲಿ ಹೊಡೆದಾಟದ ಕೇಸು, ರಾಜಿಯಾಗಿ ಖುಲಾಸೆ, ಅರ್ಜಿಯಲ್ಲಿ ಅದನ್ನು ಬರೆದಿರಲಿಲ್ಲ. ರೊಟ್ಟಿ ಕದ್ದು ಜೀವಮಾನವಿಡೀ ಕಳ್ಳನೆನಿಸಿಕೊಂಡ, ವಿಕ್ಟರ್ ಹ್ಯೂಗೋನ ಕಾದಂಬರಿಯ ಜಾನ್ ವಾಲ್ಜಾನ್‌ನನ್ನು ನೆನೆದು, ಯೌವನದ ದುಡುಕನ್ನು ಕ್ಷಮಿಸಬಹುದೆಂದು ನ್ಯಾಯಾಲಯ ಹೇಳಿತು. 2013ರಲ್ಲಿ ಅದೇ ನ್ಯಾಯಾಲಯ, ಪೊಲೀಸ್ ದಳಕ್ಕೆ ಸೇರುವವನ ನಡತೆ ಸಂದೇಹಕ್ಕೆ ಎಡೆಯಿಲ್ಲದಂತಿರಬೇಕು, ಖುಲಾಸೆಯಾಗಿದ್ದರೂ ತಿರಸ್ಕರಿಸುವ ಅಧಿಕಾರ ಇಲಾಖೆಗಿದೆ ಎಂದಿತು. 2016ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಎರಡನ್ನೂ ತೂಗಿ ಸೂತ್ರ ಕೊಟ್ಟಿತು: ಅಭ್ಯರ್ಥಿ ನಿಜ ಹೇಳಬೇಕು, ಚಿಕ್ಕ ವಯಸ್ಸಿನ ಸಣ್ಣ ತಪ್ಪನ್ನು ಇಲಾಖೆ ಬದಿಗಿಡಬಹುದು, ಆದರೆ ನಿಜ ಹೇಳಿದ ಮಾತ್ರಕ್ಕೆ ಕೆಲಸ ಕೊಡಲೇಬೇಕೆಂದಿಲ್ಲ.

ಹೊರಗಿನ ಒಂದು ಉದಾಹರಣೆ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎರಡನೆಯ ಮಹಾಯುದ್ಧದ ಕಾಲದಿಂದ ಕೈದಿಗಳು ಕಾಳ್ಗಿಚ್ಚು ನಂದಿಸುತ್ತ ಬಂದಿದ್ದಾರೆ. 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಸುತ್ತಮುತ್ತ ಹೊತ್ತಿ ಉರಿದಾಗಲೂ ನೂರಾರು ಕೈದಿಗಳು ಗುದ್ದಲಿ ಗರಗಸ ಹಿಡಿದು ದುಡಿದರು. ವಿಚಿತ್ರವೆಂದರೆ, ಸೆರೆಯಲ್ಲಿದ್ದಾಗ ಬೆಂಕಿಗೆ ಎದುರು ನಿಂತವನಿಗೆ ಬಿಡುಗಡೆಯಾದ ಮೇಲೆ ಅದೇ ಕೆಲಸ ಸಿಗುವುದು ಕಷ್ಟವಾಗಿತ್ತು. ಊರಿನ ಅಗ್ನಿಶಾಮಕ ದಳಗಳು ಕೇಳುತ್ತಿದ್ದ ತುರ್ತು ಚಿಕಿತ್ಸೆಯ ಪ್ರಮಾಣಪತ್ರಕ್ಕೆ ಹಳೆಯ ಶಿಕ್ಷೆಯೇ ಅಡ್ಡಿ. 2020ರಲ್ಲಿ ಬಂದ ಕಾನೂನು, ಹೀಗೆ ದುಡಿದವರು ತಮ್ಮ ದಾಖಲೆ ತೆಗೆದುಹಾಕುವಂತೆ ನ್ಯಾಯಾಲಯವನ್ನು ಕೋರಲು ಅವಕಾಶ ಕೊಟ್ಟಿತು. ಆದರೆ ಎಲ್ಲರಿಗೂ ಅಲ್ಲ. ಕೊಲೆ, ಅತ್ಯಾಚಾರ, ಅಪಹರಣ ಮಾಡಿದವರಿಗೆ ಇಲ್ಲ. ಬೆಂಕಿ ಹಚ್ಚಿದವನಿಗೂ ಇಲ್ಲ. ಅಪರಾಧಕ್ಕೂ ಕೆಲಸಕ್ಕೂ ಇರುವ ಸಂಬಂಧವನ್ನು ನೋಡಿಯೇ ಈ ಗೆರೆ ಎಳೆದಿದ್ದಾರೆ.

ನನ್ನ ಅಭಿಪ್ರಾಯ ಹೀಗಿದೆ. ‘ದಾಖಲೆ ಇದೆಯೆ?’ ಎಂಬ ಒಂದೇ ಪ್ರಶ್ನೆಯಿಂದ ಬಾಗಿಲು ಮುಚ್ಚುವುದು ಸುಲಭ, ಆದರೆ ನ್ಯಾಯವಲ್ಲ. ಏನು ಮಾಡಿದ, ಯಾವ ವಯಸ್ಸಿನಲ್ಲಿ ಮಾಡಿದ, ಆಮೇಲೆ ಹೇಗೆ ಬದುಕಿದ, ಆ ತಪ್ಪಿಗೂ ಈ ಕೆಲಸಕ್ಕೂ ಏನು ಸಂಬಂಧ ಎಂದು ಕೇಳಬೇಕು. ಮನೆಗೆ ನುಗ್ಗಿ ಕದಿಯುವುದನ್ನೇ ರೂಢಿ ಮಾಡಿಕೊಂಡವನಿಗೆ, ಬೆಂಕಿ ಇಟ್ಟವನಿಗೆ ಈ ಸಮವಸ್ತ್ರ ಬೇಡ. ಜಾತ್ರೆಯ ಜಗಳದಲ್ಲಿ ಕೈಮಾಡಿ, ಶಿಕ್ಷೆ ಅನುಭವಿಸಿ, ವರ್ಷಗಟ್ಟಲೆ ನೆಟ್ಟಗೆ ಬಾಳಿದವನಿಗೆ ಪರೀಕ್ಷೆ ಬರೆಯುವ ಅವಕಾಶ ಇರಲಿ. ಆದರೆ ಅವನು ಅದನ್ನು ಬಚ್ಚಿಡಬಾರದು. ವಿದ್ಯುಚ್ಚೋರನ ಹೆಸರಿನಂತೆ, ತಪ್ಪು ಕಾಣುವಂತಿರಲಿ. ಅದರ ಮುಂದಿನ ಬದುಕೂ ಕಾಣುವಂತಿರಲಿ.

ನೀವು ಒಪ್ಪಬೇಕೆಂದಿಲ್ಲ. ಕಾರ್ಯಕ್ರಮ ನೋಡಿದ ಮೇಲೆ ತರಗತಿಯಲ್ಲಿ ಎರಡು ಗುಂಪು ಮಾಡಿಕೊಂಡು ಚರ್ಚಿಸಿ. ಒಂದು ಗುಂಪು ಅರ್ಜಿ ಹಾಕಿದ ಯುವಕನ ಪರವಾಗಿ ಮಾತನಾಡಲಿ. ಇನ್ನೊಂದು, ಉರಿಯುವ ಮನೆಯ ಹೊರಗೆ ನಿಂತ ತಾಯಿಯ ಪರವಾಗಿ ಮಾತನಾಡಲಿ. ಅರ್ಧ ಗಂಟೆಯ ಬಳಿಕ ಗುಂಪುಗಳು ಜಾಗ ಬದಲಿಸಲಿ.