ಕಾಡು ಕಡಿದರೆ ಮಳೆ ಎಲ್ಲಿ ಹೋಗುತ್ತದೆ?

ಕಾಡಿದ್ದರೆ ಮಳೆ ಎಂಬ ಮಾತು ಮಲೆನಾಡಿಗೆ ಹೊಸದಲ್ಲ. ಕಂಪನಿ ಸರ್ಕಾರದ ವೈದ್ಯ ಎಡ್ವರ್ಡ್ ಬಾಲ್ಫೋರ್ 1849ರಲ್ಲೇ ಮದರಾಸಿನಲ್ಲಿ ಈ ಕುರಿತು ಪ್ರಬಂಧ ಬರೆದಿದ್ದರು. ಆದರೆ ನಂಬಿಕೆ ಬೇರೆ, ರುಜುವಾತು ಬೇರೆ. 1980ರಲ್ಲಿ ವಿ.ಎಂ. ಮೆಹರ್-ಹೋಮ್ಜಿ ಪಶ್ಚಿಮ ಕರ್ನಾಟಕದ ಮಳೆ ದಾಖಲೆಗಳನ್ನು ಕೆದಕಿ, ಕಾಡು ಹೆಚ್ಚು ನಾಶವಾದ ಕಡೆ ಮಳೆ ಕುಗ್ಗುವ ಲಕ್ಷಣ ಕಂಡರು. ಕಾರಣ ಕಾಡೇ ಎಂದು ಮಾತ್ರ ಮಳೆಮಾಪಕ ಹೇಳಲಾರದು. ಒಂದೇ ವರ್ಷದ ಮುಂಗಾರನ್ನು ಒಮ್ಮೆ ಕಾಡು ಉಳಿಸಿ, ಮತ್ತೊಮ್ಮೆ ಕಡಿದು ನೋಡುವಂತಿಲ್ಲವಲ್ಲ!

ಆ ಪ್ರಯೋಗ ಕಂಪ್ಯೂಟರಿನೊಳಗೆ ಮಾತ್ರ ಸಾಧ್ಯ. ಆದರೆ ಆರಂಭದ ಮಾದರಿಗಳಲ್ಲಿ ಮರಕ್ಕೆ ಜಾಗವೇ ಇರಲಿಲ್ಲ. 1969ರಲ್ಲಿ ಸ್ಯುಕುರೊ ಮನಾಬೆ ನೆಲವನ್ನು 15 ಸೆಂಟಿಮೀಟರ್ ನೀರು ಹಿಡಿಯುವ ಬಕೆಟ್ಟಿನಂತೆ ಲೆಕ್ಕ ಹಾಕಿದರು: ಮಳೆಗೆ ತುಂಬುತ್ತದೆ, ಬಿಸಿಲಿಗೆ ಆರುತ್ತದೆ, ತುಳುಕಿದ್ದು ಹರಿದುಹೋಗುತ್ತದೆ. ನಿಜವಾದ ಮರ ಹಾಗಲ್ಲ. ಬೇರು ಆಳದ ನೀರನ್ನು ಎಳೆಯುತ್ತದೆ. ಎಲೆಯ ಸಣ್ಣ ರಂಧ್ರಗಳು ಅದನ್ನು ಆವಿಯಾಗಿ ಬಿಡುತ್ತವೆ. ಬಿಸಿಲಿನ ಶಾಖ ಈ ಕೆಲಸಕ್ಕೆ ಖರ್ಚಾಗುವುದರಿಂದ ಸುತ್ತಲೂ ತಂಪು. 1980ರ ದಶಕದಲ್ಲಿ ಎಲೆ, ಬೇರುಗಳೂ ಸಮೀಕರಣಗಳಾದವು. 1990ರಲ್ಲಿ ಜಗದೀಶ್ ಶುಕ್ಲಾ ಮತ್ತು ಸಂಗಡಿಗರು ಅಮೆಜಾನ್ ಕಾಡನ್ನು ಲೆಕ್ಕದಲ್ಲಿ ಹುಲ್ಲುಗಾವಲು ಮಾಡಿದಾಗ ಅಲ್ಲಿ ತಾಪ ಏರಿತು, ಮಳೆ ಇಳಿಯಿತು.

ಹಾಗಾದರೆ ಮುಂಗಾರಿನ ಪಾಡೇನು? ಮಲ್ಲೇಶ್ವರದ ಹಳಬರು ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎನ್ನುವ, ಬಡಾವಣೆಯ ಮಗ್ಗುಲಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1982ರಲ್ಲಿ ವಾಯುಮಂಡಲ ವಿಜ್ಞಾನ ಕೇಂದ್ರ ಆರಂಭವಾಯಿತು. 2015ರಲ್ಲಿ ಸಂಸ್ಥೆಯ ದೇವರಾಜು, ಬಾಲ ಮತ್ತು ಮೋದಕ್ ಪ್ರಕಟಿಸಿದ ಫಲಿತಾಂಶ ಯಾರೂ ಎಣಿಸದ್ದು. ಮುಂಗಾರಿಗೆ ಹತ್ತಿರದ ಕಾಡಿನ ನಾಶಕ್ಕಿಂತ ದೂರದ ಉತ್ತರ ದೇಶಗಳ ಕಾಡಿನ ನಾಶವೇ ದೊಡ್ಡ ಪೆಟ್ಟು! ಅಲ್ಲಿನ ಕಪ್ಪುಹಸಿರು ಕಾಡು ಹೋದರೆ ಬೋಳು ನೆಲವೂ ಹಿಮವೂ ಬಿಸಿಲನ್ನು ಹೆಚ್ಚು ಹಿಂದಕ್ಕೆ ಎಸೆಯುತ್ತವೆ, ಉತ್ತರಾರ್ಧ ತಣ್ಣಗಾಗುತ್ತದೆ, ಸಮಭಾಜಕದ ಬಳಿಯ ಮಳೆಪಟ್ಟಿ ದಕ್ಷಿಣಕ್ಕೆ ಸರಿಯುತ್ತದೆ. ಆ ಲೆಕ್ಕದಲ್ಲಿ ಭಾರತದ ಮಳೆ ಶೇ 18ರಷ್ಟು ಕುಸಿಯಿತು.

ಸಹ್ಯಾದ್ರಿಗೆ ಕೊಡಲಿ ಹಾಕಲು ಇದು ಪರವಾನಗಿಯಲ್ಲ. ಇಡೀ ದೇಶದ ಲೆಕ್ಕ ಒಂದು, ಒಂದು ಸೀಮೆಯದು ಇನ್ನೊಂದು. ಪಶ್ಚಿಮ ಘಟ್ಟದ ಕಾಡು ಉಸಿರಾಡಿದ ತೇವ ಪೂರ್ವಕ್ಕೆ ಸಾಗಿ ತಮಿಳುನಾಡಿನಲ್ಲಿ ಮಳೆಯಾಗುವುದನ್ನು ಮುಂಬೈ ಐಐಟಿಯ ತಂಡ 2018ರಲ್ಲಿ ತೋರಿಸಿತು. ಕಾವೇರಿ ನೀರನ್ನು ಎರಡೂ ರಾಜ್ಯಗಳು ಟಿಎಂಸಿಯಲ್ಲಿ ಅಳೆದು ಜಗಳವಾಡಿವೆ. ಎಲೆಗಳಿಂದ ಹೊರಟು ಗಾಳಿಯಲ್ಲಿ ಗಡಿ ದಾಟುವ ಈ ನೀರಿಗೆ ಜಲಾಶಯವೂ ಇಲ್ಲ, ಗೇಟೂ ಇಲ್ಲ. ಮುಂಗಾರು ಕೈಕೊಟ್ಟ ವರ್ಷಗಳಲ್ಲೇ ಅಲ್ಲಿನ ಮಳೆಯಲ್ಲಿ ಕಾಡಿನ ಪಾಲು ಹೆಚ್ಚು.