ಮಲೆಯ ಮತವೂ ಮರಳಿ ಬರುವ ಉಮೇದುವಾರರೂ

ಹಾಸನದಿಂದ ಪಶ್ಚಿಮಕ್ಕೆ ಹೊರಟವರಿಗೆ ಆಲೂರು ದಾಟುವ ಹೊತ್ತಿಗೆ ಸೀಮೆಯೇ ಬದಲಾದಂತೆ ತೋರುತ್ತದೆ. ರಾಗಿ, ಆಲೂಗೆಡ್ಡೆಗಳ ಹೊಲ ಹಿಂದುಳಿದು, ತಗ್ಗಿನಲ್ಲಿ ಭತ್ತದ ಗದ್ದೆಗಳೂ ದಿಣ್ಣೆಯ ಮೇಲೆ ಮರಗಳ ನೆರಳಿನ ಕಾಫಿ ತೋಟಗಳೂ ಮೊದಲಾಗುತ್ತವೆ. ಸಕಲೇಶಪುರದಲ್ಲಿ ಹೇಮಾವತಿಯನ್ನು ದಾಟಿದರೆ ಮುಂದೆ ಟಿಪ್ಪು ಕಟ್ಟಿಸಿದ ಮಂಜರಾಬಾದ್ ಕೋಟೆ. ಅದರಾಚೆ ಶಿರಾಡಿ ಘಾಟಿ. ಈ ಮಲೆಯೂ ಹಾಸನ ಜಿಲ್ಲೆಗೆ ಸೇರಿದುದೇ, ಹಾಸನ ಲೋಕಸಭಾ ಕ್ಷೇತ್ರಕ್ಕೆ ಸೇರಿದುದೇ. ಆದರೆ ಆ ಕ್ಷೇತ್ರವೆಂಬುದು ಎಂಟು ವಿಧಾನಸಭಾ ಕ್ಷೇತ್ರಗಳ ಕೂಟ: ಕಡೂರು, ಶ್ರವಣಬೆಳಗೊಳ, ಅರಸೀಕೆರೆ, ಬೇಲೂರು, ಹಾಸನ, ಹೊಳೆನರಸೀಪುರ, ಅರಕಲಗೂಡು, ಸಕಲೇಶಪುರ. 2008ರಿಂದ ಜಾರಿಗೆ ಬಂದ ಪುನರ್ವಿಂಗಡಣೆಯಲ್ಲಿ ಸಕಲೇಶಪುರ, ಆಲೂರು ತಾಲ್ಲೂಕುಗಳೂ ಕಟ್ಟಾಯ ಹೋಬಳಿಯೂ ಒಂದೇ ಮೀಸಲು ಕ್ಷೇತ್ರವಾದವು. ಎಂದರೆ ದೆಹಲಿಗೆ ಹೋಗುವ ಸದಸ್ಯನನ್ನು ಆರಿಸುವಲ್ಲಿ ಈ ಮಲೆಯ ಪಾಲು ಎಂಟರಲ್ಲಿ ಒಂದು.

ಇಷ್ಟು ಸಣ್ಣ ಪಾಲಿನವರಿಗೆ ತಮ್ಮ ಮಾತು ಕೇಳಿಸುವ ದಾರಿ ಯಾವುದು? ಒಂದೇ ಚುನಾವಣೆಯನ್ನು ನೋಡಿದರೆ ಉತ್ತರ ಸಿಕ್ಕುವುದಿಲ್ಲ. ಎಪ್ಪತ್ತು ವರ್ಷಕ್ಕೂ ಮೀರಿದ ಲೆಕ್ಕವನ್ನು ಮುಂದಿಟ್ಟುಕೊಂಡರೆ ಒಂದು ಸಂಗತಿ ಎದ್ದು ಕಾಣುತ್ತದೆ. ಹಾಸನವು ಮರಳಿ ಮರಳಿ ನಿಲ್ಲುವ ಉಮೇದುವಾರರ ಕ್ಷೇತ್ರ. ನಿಂತವರೇ ನಿಂತಿದ್ದಾರೆ, ಗೆದ್ದವರೇ ಸೋತಿದ್ದಾರೆ, ಸೋತವರೇ ಗೆದ್ದಿದ್ದಾರೆ. ಮೊದಲನೆಯ ಮತ ಭರವಸೆಗೆ ಸಲ್ಲುತ್ತದೆ. ತೀರ್ಪು ಎನ್ನಿಸುವುದು ಎರಡನೆಯ ಮತ. ಆ ಎರಡನೆಯ ಮತಕ್ಕೆ ಅವಕಾಶ ದೊರೆಯಬೇಕಾದರೆ ಉಮೇದುವಾರನು ಅದೇ ಜನರ ಬಳಿಗೆ ಮತ್ತೊಮ್ಮೆ ಬರಬೇಕು.

ಮಲೆಯವರಿಗೆ ಪಾರ್ಲಿಮೆಂಟಿನ ಸದಸ್ಯನಿಂದ ಆಗಬೇಕಾದುದೇನು ಎಂದು ವಾಚಕರು ಕೇಳಬಹುದು. ಕಾಲುವೆ, ಊರಿನ ರಸ್ತೆ, ಶಾಲೆ, ಆಸ್ಪತ್ರೆಗಳಿಗೆ ವಿಧಾನಸಭೆಯಿದೆಯಲ್ಲವೆ? ಇದೆ. ಆದರೆ ಈ ಸೀಮೆಯ ಬಾಳಿಗೆ ಮುಖ್ಯವಾದ ಹಲವು ವಿಷಯಗಳ ಬೀಗದ ಕೈ ದೆಹಲಿಯಲ್ಲಿದೆ. ಕಾಫಿ ಬೋರ್ಡು ಕೇಂದ್ರದ್ದು. 1942ರ ಕಾಫಿ ಕಾಯಿದೆಯ ಮೇರೆಗೆ ಬೆಳೆಗಾರನು ತನ್ನ ಫಸಲನ್ನು ಬೋರ್ಡಿನ ಪೂಲಿಗೆ ಒಪ್ಪಿಸಿ, ಕಂತು ಕಂತಾಗಿ ಬರುವ ಹಣಕ್ಕಾಗಿ ಕಾಯಬೇಕಾಗಿದ್ದಿತು. 1990ರ ದಶಕದಲ್ಲಿ ಆ ಕಟ್ಟು ಹಂತ ಹಂತವಾಗಿ ಸಡಿಲಿ, ದಶಕದ ನಡುವಿನ ಹೊತ್ತಿಗೆ ಮಾರಾಟ ಮುಕ್ತವಾಯಿತು. ಸ್ವಾತಂತ್ರ್ಯ ಬಂದಿತು, ಅದರ ಬೆನ್ನಿಗೆ, 2000ದ ಆಚೀಚೆ, ಲೋಕದ ಪೇಟೆಯಲ್ಲಿ ಬೆಲೆ ಕುಸಿದಾಗ ಕಾಯುವವರೂ ಇಲ್ಲವಾದರು. ಘಾಟಿಯ ರೈಲು ಕೇಂದ್ರದ್ದು, ಶಿರಾಡಿಯ ರಾಷ್ಟ್ರೀಯ ಹೆದ್ದಾರಿ ಕೇಂದ್ರದ್ದು. ಆನೆಯ ಮೈ ಮುಟ್ಟಬೇಕಾದರೂ 1972ರ ವನ್ಯಜೀವಿ ಕಾಯಿದೆಯ ಅಪ್ಪಣೆ ಬೇಕು. ಅದು ಪಾರ್ಲಿಮೆಂಟು ಮಾಡಿದ ಕಾಯಿದೆ.

ತಾಲ್ಲೂಕಿನವರು ತಮ್ಮ ಅಹವಾಲನ್ನು ದೂರದ ಸಭೆಗೆ ಕೊಂಡೊಯ್ಯುವ ರೂಢಿ ಮೈಸೂರು ಸೀಮೆಗೆ ಹೊಸದಲ್ಲ. ದಿವಾನ್ ರಂಗಾಚಾರ್ಲು ಅವರು 1881ರಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದಾಗ ಅದಕ್ಕೆ ಬಂದವರು 144 ಮಂದಿ. ಅವರು ಹೇಳಿಕೊಳ್ಳಬಹುದಾಗಿತ್ತು, ಕೇಳಿಕೊಳ್ಳಬಹುದಾಗಿತ್ತು, ಸರ್ಕಾರವನ್ನು ಇಳಿಸುವಂತಿರಲಿಲ್ಲ. ವಯಸ್ಕರೆಲ್ಲರಿಗೂ ಓಟು ಬಂದ ಮೊದಲ ಮಹಾಚುನಾವಣೆಯಲ್ಲಿ ಹಾಸನ ಮತ್ತು ಚಿಕ್ಕಮಗಳೂರು ಒಂದೇ ಕ್ಷೇತ್ರವಾಗಿದ್ದುವು. ಆಗ ಪ್ರತಿಯೊಬ್ಬ ಉಮೇದುವಾರನಿಗೂ ಬೇರೆ ಬೇರೆ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ಅವನ ಗುರುತು. ಓದು ಬಾರದವನೂ ಗುರುತು ನೋಡಿ ಚೀಟಿ ಹಾಕಬಹುದಾಗಿದ್ದಿತು. ಜೋಡೆತ್ತಿನ ಗುರುತಿನ ಕಾಂಗ್ರೆಸ್ಸಿನಿಂದ ಶ್ರೀ ಎಚ್. ಸಿದ್ಧನಂಜಪ್ಪನವರು 1952ರಲ್ಲಿ ಆರಿಸಿ ಬಂದರು. ಹಾಸನ ಪ್ರತ್ಯೇಕ ಕ್ಷೇತ್ರವಾದ ಮೇಲೆ 1957ರಲ್ಲೂ 1962ರಲ್ಲೂ ಅವರೇ ಗೆದ್ದರು. ಮರಳಿ ನಿಲ್ಲುವವರ ಸಾಲಿನಲ್ಲಿ ಮೊದಲ ಹೆಸರು ಅವರದು.

ಅನಂತರದ ಕಥೆ ಇನ್ನೂ ಸ್ವಾರಸ್ಯವಾಗಿದೆ. 1967ರಲ್ಲಿ ರಾಜಾಜಿಯವರ ಸ್ವತಂತ್ರ ಪಕ್ಷದಿಂದ ಶ್ರೀ ಎನ್. ಶಿವಪ್ಪನವರು ಗೆದ್ದರು. 1971ರಲ್ಲಿಯೂ ಅವರೇ ಗೆದ್ದರು, ಆದರೆ ಈ ಸಲ ಕಾಂಗ್ರೆಸ್ಸಿನಿಂದ. ಆ ವರ್ಷ ಮೈಸೂರು ರಾಜ್ಯದ 27 ಸ್ಥಾನಗಳೂ ಇಂದಿರಾ ಗಾಂಧಿಯವರ ಪಕ್ಷಕ್ಕೇ ಹೋಗಿದ್ದುವು. 1980ರಲ್ಲಿ ಶ್ರೀ ಎಚ್.ಎನ್. ನಂಜೇಗೌಡರು ಇಂದಿರಾ ಕಾಂಗ್ರೆಸ್ಸಿನಿಂದ ಆರಿಸಿ ಬಂದರು; 1984ರಲ್ಲಿ ಅದೇ ನಂಜೇಗೌಡರು ಜನತಾ ಪಕ್ಷದಿಂದ ಆರಿಸಿ ಬಂದರು. ಮನುಷ್ಯ ಅವನೇ, ಗುರುತು ಮಾತ್ರ ಬೇರೆ. ಇದನ್ನು ಪಕ್ಷಾಂತರವೆಂದು ಹಳಿಯುವುದು ಸುಲಭ. ಜನ ಗುರುತನ್ನಷ್ಟೇ ನೋಡಿ ಓಟು ಹಾಕುವವರಲ್ಲ, ಹಿಂದೆ ಬಂದು ಹೋದ ಮುಖವನ್ನು ನೆನಪಿಟ್ಟುಕೊಂಡವರು ಎಂಬ ಅರ್ಥವನ್ನೂ ಅದರಿಂದ ತೆಗೆಯಬಹುದು.

ಈ ಕ್ಷೇತ್ರಕ್ಕೆ ಇನ್ನೊಂದು ಗುಣವೂ ಉಂಟು. ರಾಜ್ಯದಲ್ಲಿ ಗಾಳಿ ಒಂದು ಕಡೆ ಬೀಸುವಾಗ ಇದು ಇನ್ನೊಂದು ಕಡೆಗೆ ತಿರುಗಿ ನಿಂತದ್ದು ಒಂದೆರಡು ಸಲವಲ್ಲ. 1977ರಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೆ ಹೋದುವು. ಉಳಿದ ಎರಡರಲ್ಲಿ ಒಂದು ಬೆಂಗಳೂರು ದಕ್ಷಿಣ, ಇನ್ನೊಂದು ಹಾಸನ. ಇಲ್ಲಿ ಗೆದ್ದವರು ಶ್ರೀ ಎಸ್. ನಂಜೇಶಗೌಡರು. ಇಂದಿರಾ ಗಾಂಧಿಯವರ ಹತ್ಯೆಯ ನಂತರ ನಡೆದ 1984ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಕೈಗೆ ಸಿಕ್ಕದ ನಾಲ್ಕು ಸ್ಥಾನಗಳಲ್ಲಿ ಹಾಸನವೂ ಒಂದು. 1991ರಲ್ಲಿ ಜನತಾ ಪಕ್ಷ ರಾಜ್ಯದಲ್ಲಿ ಗೆದ್ದದ್ದು ಒಂದೇ ಒಂದು ಸ್ಥಾನ. ಆ ಸ್ಥಾನ ಹಾಸನ. ಗೆದ್ದವರು ಶ್ರೀ ಎಚ್.ಡಿ. ದೇವೇಗೌಡರು.

ದೇವೇಗೌಡರ ಹೆಸರು ಬಂದ ಮೇಲೆ ಸ್ವಲ್ಪ ನಿಲ್ಲಬೇಕು. ಮರಳಿ ನಿಲ್ಲುವುದೆಂದರೇನು ಎಂಬುದಕ್ಕೆ ನಮ್ಮ ನಾಡಿನಲ್ಲಿ ಅವರಷ್ಟು ದೀರ್ಘವಾದ ಉದಾಹರಣೆ ವಿರಳ. 1962ರಲ್ಲಿ ಕಾಂಗ್ರೆಸ್ಸಿನ ಟಿಕೆಟ್ಟು ದೊರೆಯದೆ ಪಕ್ಷೇತರರಾಗಿ ಹೊಳೆನರಸೀಪುರದಿಂದ ವಿಧಾನಸಭೆಗೆ ಗೆದ್ದರು. ಅಲ್ಲಿಂದ ಮುಂದೆ ಆ ಕ್ಷೇತ್ರ ಅವರದೆಂದೇ ಆಗಿದ್ದಿತು. 1989ರಲ್ಲಿ ಅದೇ ಹೊಳೆನರಸೀಪುರದಲ್ಲಿ ಅವರನ್ನು ಕಾಂಗ್ರೆಸ್ಸಿನ ಶ್ರೀ ಜಿ. ಪುಟ್ಟಸ್ವಾಮಿಗೌಡರು ಸೋಲಿಸಿದರು. ಅಷ್ಟಕ್ಕೆ ಮನೆ ಸೇರಬಹುದಾಗಿದ್ದ ಗೌಡರು ಎರಡು ವರ್ಷ ಕಳೆಯುವುದರೊಳಗೆ ಇನ್ನೂ ದೊಡ್ಡ ಕಣಕ್ಕೆ ಇಳಿದರು. 1991ರಲ್ಲಿ ಹಾಸನದಿಂದ ಲೋಕಸಭೆಗೆ ಗೆದ್ದದ್ದು ಕೆಲವೇ ಸಾವಿರ ಮತಗಳಿಂದ. 1994ರಲ್ಲಿ ಮುಖ್ಯಮಂತ್ರಿ, 1996ರ ಜೂನ್ 1ರಂದು ಪ್ರಧಾನಮಂತ್ರಿ. ಆಗ ಅವರು ಸೇರಿದ್ದು ರಾಜ್ಯಸಭೆಯನ್ನು. ಹಾಸನದ ಲೋಕಸಭಾ ಸದಸ್ಯರಾಗಿದ್ದವರು ಜನತಾದಳದ ಶ್ರೀ ವೈ.ಎನ್. ರುದ್ರೇಶಗೌಡರು.

ಪ್ರಧಾನಿ ಪದವಿ ಹೋಗಿ ಒಂದು ವರ್ಷವಾಗುವ ಮುನ್ನವೇ, 1998ರಲ್ಲಿ, ದೇವೇಗೌಡರು ಹಾಸನಕ್ಕೆ ಮರಳಿ ಬಂದು ಗೆದ್ದರು. ಮರುವರ್ಷವೇ ಮತ್ತೆ ಚುನಾವಣೆ. ಎದುರಿಗೆ ನಿಂತವರು ಅದೇ ಪುಟ್ಟಸ್ವಾಮಿಗೌಡರು. ಗೌಡರು ಸೋತರು; ಹೊಳೆನರಸೀಪುರದಲ್ಲಿ ಅವರ ಮಗ ಶ್ರೀ ಎಚ್.ಡಿ. ರೇವಣ್ಣನವರೂ ಸೋತರು. ದೇಶದ ಪ್ರಧಾನಿಯಾಗಿದ್ದವರನ್ನು ಸ್ವಂತ ಜಿಲ್ಲೆಯೇ ಎರಡೂವರೆ ವರ್ಷದೊಳಗೆ ಮನೆಗೆ ಕಳಿಸಿತು. ಪದವಿಯ ಹಿರಿಮೆ ಮತಪೆಟ್ಟಿಗೆಯ ಮುಂದೆ ರಿಯಾಯಿತಿ ತರಲಿಲ್ಲ.

ಆ ವರ್ಷಗಳಲ್ಲಿ ಮಲೆಯ ಸ್ಥಿತಿ ಹೇಗಿದ್ದಿತು? ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಘಾಟಿಯಲ್ಲಿ ಇಳಿಯುವ ಸುಮಾರು 55 ಕಿಲೋಮೀಟರು ರೈಲುದಾರಿ 1979ರಲ್ಲಿ ತೆರೆದಿದ್ದಿತು. ಸುರಂಗ ಸೇತುವೆಗಳ ಈ ಮೀಟರ್ ಗೇಜ್ ದಾರಿಯನ್ನು 1990ರ ದಶಕದ ನಡುವಿನಲ್ಲಿ ಅಗಲ ಮಾಡಲೆಂದು ಮುಚ್ಚಿದರು. ಪ್ರಯಾಣಿಕರ ರೈಲು ಮರಳಿ ಓಡಿದ್ದು 2007ರ ಡಿಸೆಂಬರಿನಲ್ಲಿ. 1998, 1999, 2004, ಈ ಮೂರು ಲೋಕಸಭಾ ಚುನಾವಣೆಗಳೂ ಘಾಟಿಯಲ್ಲಿ ಪ್ರಯಾಣಿಕರ ರೈಲಿಲ್ಲದೆಯೇ ನಡೆದುವು. ಅದೇ ಕಾಲದಲ್ಲಿ ಕಾಫಿಯ ಬೆಲೆ ಇಳಿಯುತ್ತಿದ್ದಿತು. ಗೌಡರ ಸೋಲಿಗೆ ಇವೇ ಕಾರಣವೆಂದು ಹೇಳುವುದು ಅವಸರದ ಮಾತಾದೀತು. ಕ್ಷೇತ್ರದ ಏಳು ಪಾಲು ಬಯಲಿನದೇ ಹೆಚ್ಚು. ಆದರೆ ಮರಳಿ ಓಟು ಕೇಳಲು ಬಂದವನಿಗೆ ಮಲೆಯವರು ಕೇಳಬಹುದಾದ ಪ್ರಶ್ನೆಗಳು ಯಾವುವು ಎಂಬುದಂತೂ ಇದರಿಂದ ತಿಳಿಯುತ್ತದೆ.

2002ರಲ್ಲಿ ಕನಕಪುರದ ಉಪಚುನಾವಣೆಯಲ್ಲಿ ಶ್ರೀ ಡಿ.ಕೆ. ಶಿವಕುಮಾರರನ್ನು ಸೋಲಿಸಿ ಗೌಡರು ಲೋಕಸಭೆಗೆ ಹಿಂದಿರುಗಿದರು. 2004ರಲ್ಲಿ ಕನಕಪುರ, ಹಾಸನ ಎರಡರಲ್ಲೂ ನಿಂತರು. ಕನಕಪುರ ಕೈಬಿಟ್ಟಿತು, ಐದು ವರ್ಷದ ಹಿಂದೆ ಕೈಬಿಟ್ಟಿದ್ದ ಹಾಸನ ಹಿಡಿದುಕೊಂಡಿತು. 2009ರಲ್ಲಿ ಎರಡು ಲಕ್ಷ ತೊಂಬತ್ತು ಸಾವಿರಕ್ಕೂ ಮಿಕ್ಕ ಅಂತರ; 2014ರಲ್ಲಿ ಕಾಂಗ್ರೆಸ್ಸಿನ ಶ್ರೀ ಎ. ಮಂಜು ಅವರ ಮೇಲೆ ಒಂದು ಲಕ್ಷದ ಅಂತರ. ಒಟ್ಟಿನಲ್ಲಿ ಹಾಸನದಿಂದ ಲೋಕಸಭೆಗೆ ಆರು ಸಲ ನಿಂತು, ಐದು ಸಲ ಗೆದ್ದು, ಒಂದು ಸಲ ಸೋತರು. ಆ ಒಂದು ಸೋಲೇ ಐದು ಗೆಲುವಿಗೂ ಬೆಲೆ ತಂದುಕೊಟ್ಟಿತೆನ್ನಬೇಕು. ಸೋಲಿಸಬಲ್ಲ ಜನ ಗೆಲ್ಲಿಸಿದಾಗಲೇ ಗೆಲುವಿಗೆ ತೂಕ.

ಇದರ ಪಕ್ಕದಲ್ಲಿ ಇನ್ನೊಂದು ಪ್ರಸಂಗವನ್ನು ಇಟ್ಟು ನೋಡಬೇಕು. ಸಕಲೇಶಪುರಕ್ಕೆ ಹೊಂದಿಕೊಂಡ ಮೂಡಿಗೆರೆಯ ಕಾಫಿ ಸೀಮೆ ಚಿಕ್ಕಮಗಳೂರು ಕ್ಷೇತ್ರಕ್ಕೆ ಸೇರಿದ್ದಿತು. 1978ರಲ್ಲಿ ಶ್ರೀ ಡಿ.ಬಿ. ಚಂದ್ರೇಗೌಡರು ಅಲ್ಲಿ ಸ್ಥಾನ ತೆರವು ಮಾಡಿಕೊಟ್ಟರು; ಇಂದಿರಾ ಗಾಂಧಿಯವರು ಬಂದು ಶ್ರೀ ವೀರೇಂದ್ರ ಪಾಟೀಲರನ್ನು 77,333 ಮತಗಳಿಂದ ಸೋಲಿಸಿದರು. ಲೋಕವೇ ಆ ಬೆಟ್ಟಗಳ ಕಡೆ ತಿರುಗಿ ನೋಡಿತು. ಡಿಸೆಂಬರಿನಲ್ಲಿ ಲೋಕಸಭೆ ಅವರನ್ನು ಹೊರಹಾಕಿತು. 1980ರಲ್ಲಿ ಅವರು ನಿಂತದ್ದು ರಾಯ್‌ಬರೇಲಿ ಮತ್ತು ಮೇದಕ್‌ನಿಂದ. ಚಿಕ್ಕಮಗಳೂರಿನಿಂದ ಅವರು ಮತ್ತೆ ನಿಲ್ಲಲಿಲ್ಲ. ಆ ಮಲೆಯ ಜನಕ್ಕೆ ದೊಡ್ಡ ಹೆಸರು ಸಿಕ್ಕಿತು, ಎರಡನೆಯ ಮತ ಸಿಕ್ಕಲಿಲ್ಲ. ತಾವು ಕೊಟ್ಟ ಗೆಲುವನ್ನು ಅವರು ಹೇಗೆ ಬಳಸಿದರೆಂದು ಕೇಳುವ ಸಂದರ್ಭವೇ ಬರಲಿಲ್ಲ. ಹಾಸನದ ಮಲೆಗೆ ಆ ಕೀರ್ತಿ ಇಲ್ಲ. ಆದರೆ ಕೇಳುವ ಸಂದರ್ಭ ಮತ್ತೆ ಮತ್ತೆ ಬಂದಿತು.

2019ರಲ್ಲಿ ಈ ಕ್ರಮಕ್ಕೆ ಒಂದು ತಿರುವು. ದೇವೇಗೌಡರು ಹಾಸನವನ್ನು ಮೊಮ್ಮಗ ಪ್ರಜ್ವಲ್ ರೇವಣ್ಣರಿಗೆ ಬಿಟ್ಟುಕೊಟ್ಟು ತುಮಕೂರಿನಲ್ಲಿ ನಿಂತರು. ಸಕಲೇಶಪುರ, ಆಲೂರುಗಳ ಮೇಲೆ ಹಾದು ಗೊರೂರಿನ ಅಣೆಕಟ್ಟೆ ಸೇರುವ ಹೇಮಾವತಿಯ ನೀರು ತುಮಕೂರಿಗೆ ಸಾಕಷ್ಟು ಬಂದಿತೆ, ಇಲ್ಲವೆ ಎಂಬುದೇ ಅಲ್ಲಿಯ ಪ್ರಚಾರದಲ್ಲಿ ದೊಡ್ಡ ಮಾತಾಯಿತು. ಗೌಡರು ಅಲ್ಲಿ ಸೋತರು. ಹಾಸನದಲ್ಲಿ ಪ್ರಜ್ವಲ್ ಗೆದ್ದರು; ರಾಜ್ಯದಲ್ಲಿ ಆ ವರ್ಷ ಅವರ ಪಕ್ಷಕ್ಕೆ ಸಿಕ್ಕಿದ್ದು ಅದೊಂದೇ ಸ್ಥಾನ. ಸೋತವರು ಮತ್ತೆ ಎ. ಮಂಜು ಅವರೇ, ಈ ಸಲ ಬಿಜೆಪಿಯಿಂದ. ಫಲಿತಾಂಶದ ಮರುದಿನವೇ, ತಾತನಿಗಾಗಿ ಸ್ಥಾನ ಬಿಡುವೆನೆಂದು ಮೊಮ್ಮಗ ಹೇಳಿದರು. ಹಾಗೆ ನಡೆಯಲಿಲ್ಲ. ಆದರೆ ಜನ ಕೊಟ್ಟದ್ದನ್ನು ಮನೆಯೊಳಗೆ ಕೈ ಬದಲಾಯಿಸಬಹುದೆಂಬ ಆ ಮಾತಿನಲ್ಲಿ, ತೀರ್ಪು ಕೇಳುವ ಕ್ಷೇತ್ರ ಆಸ್ತಿಯಾಗತೊಡಗಿದ್ದ ಸುಳಿವು ಇದ್ದಿತು.

ಆಸ್ತಿ ವಿವರಗಳನ್ನು ಸರಿಯಾಗಿ ಘೋಷಿಸಲಿಲ್ಲವೆಂದು 2023ರ ಸೆಪ್ಟೆಂಬರಿನಲ್ಲಿ ಹೈಕೋರ್ಟು ಪ್ರಜ್ವಲ್‌ರ ಆಯ್ಕೆಯನ್ನು ಅನೂರ್ಜಿತಗೊಳಿಸಿತು. ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. 2024ರ ಏಪ್ರಿಲ್ 26ರಂದು ಮತದಾನ. ಆ ದಿನಗಳಲ್ಲೇ ಅವರ ಮೇಲೆ ಲೈಂಗಿಕ ದೌರ್ಜನ್ಯದ ಆರೋಪಗಳು ಹೊರಬಂದುವು; 2025ರ ಆಗಸ್ಟಿನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಅತ್ಯಾಚಾರದ ಪ್ರಕರಣವೊಂದರಲ್ಲಿ ಜೀವಾವಧಿ ಶಿಕ್ಷೆ ವಿಧಿಸಿತು. ಚುನಾವಣೆಯಲ್ಲಿ ಅವರನ್ನು 42,649 ಮತಗಳಿಂದ ಸೋಲಿಸಿದವರು ಕಾಂಗ್ರೆಸ್ಸಿನ ಶ್ರೀ ಶ್ರೇಯಸ್ ಪಟೇಲ್. ಇವರು ಪುಟ್ಟಸ್ವಾಮಿಗೌಡರ ಮೊಮ್ಮಗ. ಹಿಂದಿನ ವರ್ಷವಷ್ಟೇ ಹೊಳೆನರಸೀಪುರದಲ್ಲಿ ರೇವಣ್ಣನವರ ಎದುರು ಅಲ್ಪ ಅಂತರದಿಂದ ಸೋತಿದ್ದವರು. 1989ರಲ್ಲೂ 1999ರಲ್ಲೂ ಅಜ್ಜಂದಿರು ಆಡಿದ ಪಂದ್ಯವನ್ನು ಮೊಮ್ಮಕ್ಕಳು ಮುಂದುವರಿಸಿದರು.

ಇಷ್ಟು ಕಾಲದಲ್ಲಿ ಮಲೆಯ ಪ್ರಶ್ನೆಗಳು ಮಾತ್ರ ಬೆಳೆದುವು. ಹೈಕೋರ್ಟು ನೇಮಿಸಿದ ಆನೆ ಕಾರ್ಯಪಡೆಯ 2012ರ ವರದಿಯ ಬಳಿಕ, 2014ರಲ್ಲಿ ಆಲೂರು–ಸಕಲೇಶಪುರದ ಕಡೆ 22 ಆನೆಗಳನ್ನು ಹಿಡಿದರು. ತೆರವಾದ ಜಾಗಕ್ಕೆ ಬೇರೆ ಆನೆಗಳು ಬಂದುವು. 2023ರ ಡಿಸೆಂಬರ್ 4ರಂದು ಯಸಳೂರು ಕಾಡಿನಲ್ಲಿ ಕಾಡಾನೆ ಹಿಡಿಯುವ ಕೆಲಸದಲ್ಲಿ ದಸರೆಯ ಅಂಬಾರಿ ಹೊತ್ತಿದ್ದ ಅರ್ಜುನನೇ ಸತ್ತಾಗ ನಾಡೆಲ್ಲ ಮರುಗಿತು. ಆದರೆ ತೋಟಕ್ಕೆ ಬೆಳಗ್ಗೆ ಕೆಲಸಕ್ಕೆ ಹೋಗುವ ಆಳುಗಳ ಅಂಜಿಕೆ ಅದಕ್ಕೂ ಹಳೆಯದು. ಸಕಲೇಶಪುರದ ಹಳ್ಳಗಳಿಂದ 24.01 ಟಿಎಂಸಿ ಅಡಿ ನೀರನ್ನು ಪೂರ್ವದ ಬಯಲಿಗೆ ಎತ್ತುವ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಚಾಲನೆಗೊಂಡಿತು. ನೀರು ಕೊಡುವ ಸೀಮೆಗೆ ಮತ ಕಡಿಮೆ, ನೀರು ಬೇಡುವ ಸೀಮೆಗಳಿಗೆ ಮತ ಹೆಚ್ಚು. ಇದು ಲೆಕ್ಕದ ಮಾತು. ಅನ್ಯಾಯವೋ ಅಲ್ಲವೋ ವಾಚಕರೇ ಯೋಚಿಸಲಿ.

ಎಂಟರಲ್ಲಿ ಒಂದು ಪಾಲಿನವರು ಒಬ್ಬರೇ ಯಾರನ್ನೂ ಗೆಲ್ಲಿಸಲಾರರು, ಸೋಲಿಸಲೂ ಆರರು. 1991ರಂತೆ ಅಂತರ ಕೆಲವೇ ಸಾವಿರಕ್ಕೆ ಇಳಿದಾಗ ಮಾತ್ರ ಅವರ ಓಟಿಗೆ ತಕ್ಕಡಿ ತೂಗುವ ಶಕ್ತಿ ಬರುತ್ತದೆ. ಉಳಿದ ಕಾಲದಲ್ಲಿ ಅವರಿಗಿರುವ ಬಲ ನೆನಪಿನದು. ಹಿಂದೆ ಬಂದಾಗ ಏನು ಹೇಳಿದ್ದಿರಿ, ಈಗ ಏನು ಹೇಳುತ್ತೀರಿ ಎಂದು ಕೇಳುವ ನೆನಪು. ಹೊಸ ಉಮೇದುವಾರನಿಗೆ ಆ ಪ್ರಶ್ನೆ ತಟ್ಟುವುದಿಲ್ಲ. ತಾತನ ಲೆಕ್ಕವನ್ನು ಮೊಮ್ಮಗನಲ್ಲಿ ಕೇಳಿದರೆ ಅವನು ಹೆಸರನ್ನು ಮಾತ್ರ ಒಪ್ಪಿಕೊಂಡು ಬಾಕಿಯನ್ನು ಒಪ್ಪಿಕೊಳ್ಳದೆ ಹೋಗಬಹುದು. ತಾನೇ ಮರಳಿ ಬಂದು ನಿಂತವನು ಹಾಗೆ ತಪ್ಪಿಸಿಕೊಳ್ಳಲಾರ. 1999ರಲ್ಲಿ ಹಾಸನ ದೇವೇಗೌಡರಿಗೆ ಕೇಳಿದ್ದೂ, 2004ರಲ್ಲಿ ಅವರು ಮತ್ತೆ ಬಂದು ಪಡೆದದ್ದೂ ಈ ನೇರ ವ್ಯವಹಾರದಿಂದಲೇ. ಇಂದಿನ ಸದಸ್ಯರೂ ಒಂದು ದಿನ ಶಿರಾಡಿಯ ರಸ್ತೆ, ಆನೆ, ಕಾಫಿಯ ಲೆಕ್ಕ ಹಿಡಿದು ಯಸಳೂರು, ಹೆತ್ತೂರು, ಪಾಳ್ಯದ ಕಡೆಗೆ ಮತ್ತೆ ಬರಬೇಕಾಗುತ್ತದೆ. ಮಲೆಯವರಿಗೆ ಬೇಕಾದುದೂ ಅದೇ.